ನವಾಬರ ದುರ್ಬೀನಿನಿಂದ ಮುಧೋಳದ ಅಂಗಳಕ್ಕೆ

ಹೈದರಾಬಾದಿನ ಫಿಸಲ್‌ಬಂಡಾದಲ್ಲಿ 1901ರಲ್ಲಿ ಒಬ್ಬ ನವಾಬರು ಸ್ವಂತ ಖರ್ಚಿನಲ್ಲಿ ವೀಕ್ಷಣಾಲಯ ಶುರುಮಾಡಿದರು. ಹೆಸರು ಜಫರ್ ಜಂಗ್, ಪಾಯಗಾ ಮನೆತನದವರು. ಅವರು ವಿಲಾಯತಿಯಿಂದ ತರಿಸಿದ್ದು ಗ್ರಬ್ ಕಂಪನಿಯ 15 ಇಂಚಿನ ದುರ್ಬೀನು. ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲವೂ ಆಗ ನಿಜಾಮರ ಆಡಳಿತದಲ್ಲೇ ಇದ್ದವು. ಹಾಗಾಗಿ ಈ ಕಥೆ ನಮ್ಮ ಸೀಮೆಯದೂ ಹೌದು. ಆದರೂ ನಮ್ಮ ಶಾಲೆಗಳಲ್ಲಿ ಯಾರೂ ಇದನ್ನು ಹೇಳುವುದಿಲ್ಲ ಎಂಬ ಸಂಕಟ ನನಗಿದೆ.

ನವಾಬರು 1907ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ವೀಕ್ಷಣಾಲಯವನ್ನು ವಹಿಸಿಕೊಂಡಿತು. ಮುಂದೆ ಅದು ಬೇಗಂಪೇಟೆಗೆ ಹೋಯಿತು, ನಿಜಾಮಿಯಾ ಎಂದೇ ಹೆಸರಾಯಿತು. ಅಲ್ಲಿನ 8 ಇಂಚಿನ ಕುಕ್ ದುರ್ಬೀನು ಗಾಜಿನ ಫಲಕಗಳ ಮೇಲೆ ಆಕಾಶದ ಫೋಟೊ ತೆಗೆಯುತ್ತ ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಕಟ್ಟಿತು. ನವಾಬರು ಆಸೆಪಟ್ಟು ತಂದ 15 ಇಂಚಿನದು ಮಾತ್ರ ಟಿ. ಪಿ. ಭಾಸ್ಕರನ್ ಅವರ ಕಾಲದಲ್ಲಿ, 1922ರಲ್ಲಿ ನಿಂತಿತು. ತಂದವರ ಕಣ್ಣಿಗೆ ಅದರ ಕೆಲಸ ಬೀಳಲೇ ಇಲ್ಲ. ಅಲ್ಲಿ ನೌಕರಿಗಿದ್ದ ಬಾಪು ಅವರ ಮಗ ವೇಣು ಬಾಪು ಆ ಅಂಗಳದಲ್ಲೇ ಆಕಾಶ ಕಲಿತು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನೂ ಕಾವಲೂರು ವೀಕ್ಷಣಾಲಯವನ್ನೂ ಕಟ್ಟಿದರು.

ನಕ್ಷತ್ರಗಳ ಪಟ್ಟಿ ಕಟ್ಟಿದರೂ ಗ್ರಹಗಳ ಫೋಟೊ ವಿಷಯದಲ್ಲಿ ಆಗಿನ ದೊಡ್ಡ ದುರ್ಬೀನುಗಳೂ ಸೋತಿದ್ದವು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆತು ಹೊರಳುವಾಗ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಕಣ್ಣಿಗೆ ಮಿಂಚಿನಂತೆ ಒಮ್ಮೆ ಸ್ಪಷ್ಟವಾಗಿ ಕಂಡ ಗುರುವಿನ ಪಟ್ಟೆ, ಒಂದೆರಡು ಸೆಕೆಂಡು ತೆರೆದಿಟ್ಟ ಫಿಲ್ಮಿನಲ್ಲಿ ಕಲಸಿಹೋಗುತ್ತಿತ್ತು. ಇಂಥ ಸ್ಪಷ್ಟ ಕ್ಷಣ ಎಷ್ಟು ಸಲ ಸಿಗಬಹುದು ಎಂಬ ಲೆಕ್ಕವನ್ನು ಡೇವಿಡ್ ಫ್ರೀಡ್ 1978ರಲ್ಲಿ ಕೊಟ್ಟರು. ಆ ಕ್ಷಣಗಳನ್ನಷ್ಟೇ ಆಯ್ದುಕೊಳ್ಳುವ ಉಪಾಯ ಮನೆಯಂಗಳಕ್ಕೆ ಬಂದದ್ದು ಅಗ್ಗದ ವೆಬ್‌ಕ್ಯಾಮ್ ಜೊತೆಗೆ. ಡಚ್ ಹವ್ಯಾಸಿ ಕೊರ್ ಬೆರೆವೂಟ್ಸ್ 2002ರ ಸುಮಾರಿಗೆ ರೆಜಿಸ್ಟ್ಯಾಕ್ಸ್ ಎಂಬ ತಂತ್ರಾಂಶವನ್ನು ಪುಕ್ಕಟೆ ಹಂಚಿದರು. ಎರಡು ನಿಮಿಷ ವಿಡಿಯೊ ತೆಗೆದರೆ ಸಾವಿರಾರು ಚಿತ್ರ ಸಿಗುತ್ತವೆ. ಮೊರದಲ್ಲಿ ತೊಗರಿ ಕೇರಿದ ಹಾಗೆ ಗಟ್ಟಿ ಚಿತ್ರಗಳನ್ನು ಉಳಿಸಿ, ಒಂದರ ಮೇಲೊಂದು ಪೇರಿಸಿದರೆ ಗುರುವಿನ ಕೆಂಪು ಚುಕ್ಕೆಯೂ ಮೂಡುತ್ತದೆ. ಎರಡು ಮೂರು ನಿಮಿಷ ಮೀರಬಾರದು, ಏಕೆಂದರೆ ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ.

ಚಿತ್ರ ಏಕೆ ಕೆಡುತ್ತದೆ ಎಂದು ನಮ್ಮ ಕಡೆ ಕೇಳಿದರೆ ಎಲ್ಲರೂ ಧೂಳಿನತ್ತ ಕೈ ತೋರಿಸುತ್ತಾರೆ. ವಾಡಿ, ಶಹಾಬಾದ, ಸೇಡಂನ ಸಿಮೆಂಟು ಕಾರ್ಖಾನೆ, ಕಲ್ಲಿನ ಗಣಿ, ಬೀದಿದೀಪ. ಆಕಾಶಗಂಗೆಗೆ ಇವೆಲ್ಲ ನಿಜವಾದ ಶಾಪ. ಗ್ರಹಗಳಿಗೆ ಅಷ್ಟಿಲ್ಲ, ಅವು ಸಾಕಷ್ಟು ಪ್ರಖರ. ಗಾಳಿ ನಿಂತು ಮಂಜು ಮುಸುಕಿದ ರಾತ್ರಿಯೇ ಎಷ್ಟೋ ಸಲ ಒಳ್ಳೆ ಚಿತ್ರ ಕೊಡುತ್ತದೆ. ನಿಜವಾದ ವೈರಿ ಕಾಲಕೆಳಗಿದೆ. ಶಹಾಬಾದಿ ಫರಸಿ ಹಾಸಿದ ಮಾಳಿಗೆ ದಿನವಿಡೀ ಬಿಸಿಲು ಹೀರಿ, ರಾತ್ರಿಯೆಲ್ಲ ಕಾವು ಬಿಡುತ್ತದೆ. ಅದರ ಮೇಲೆ ನಿಲ್ಲಿಸಿದ ದುರ್ಬೀನಿನಲ್ಲಿ ಗುರುವಿನ ಅಂಚು ಕುದಿಯುತ್ತಿರುತ್ತದೆ. ದುರ್ಬೀನನ್ನು ಮಾಳಿಗೆಯಿಂದ ಇಳಿಸಿ ಹೊಲದ ಬದುವಿನ ಹುಲ್ಲಿನ ಮೇಲಿಟ್ಟು, ಗಂಟೆಹೊತ್ತು ತಣಿಯಲು ಬಿಟ್ಟು, ನಡುರಾತ್ರಿ ಕಳೆದ ಮೇಲೆ ನೋಡಿದರೆ ಅದೇ ಅಂಚು ಗೆರೆ ಎಳೆದಂತೆ ನಿಲ್ಲುತ್ತದೆ.

ಹವ್ಯಾಸಿಗಳ ಕೆಲಸವನ್ನು ಹಗುರವಾಗಿ ನೋಡಬೇಡಿ. ಗುರುವಿಗೆ ಏನೋ ಬಡಿದು ಮೂಡಿದ ಕಪ್ಪು ಕಲೆಯನ್ನು 2009ರ ಜುಲೈ 19ರಂದು ಮೊದಲು ಕಂಡವರು ಆಸ್ಟ್ರೇಲಿಯಾದ ಆಂಥನಿ ವೆಸ್ಲಿ, ತಮ್ಮ ಮನೆಯಂಗಳದಿಂದ.

ಇತ್ತ ಹೈದರಾಬಾದು ಬೆಳೆದು, ದೀಪಗಳು ಹೆಚ್ಚಿ, ವೀಕ್ಷಣೆಯ ಕೆಲಸ ದೂರದ ಜಪಾಲ್-ರಂಗಾಪುರಕ್ಕೆ ಹೋಯಿತು. ಬೇಗಂಪೇಟೆಯ ಆ ವೈಭವ ಮರಳಿ ಬರುವಂಥದ್ದಲ್ಲ. ಆದರೆ ಅಲ್ಲಿನವರಿಗೆ ದಕ್ಕದ ಚಿತ್ರ ಇವತ್ತು ನಮ್ಮ ಸೀಮೆಯ ಮುಧೋಳದ ಹೈಸ್ಕೂಲು ಮಕ್ಕಳಿಗೆ ದಕ್ಕುತ್ತದೆ. 2027ರ ಫೆಬ್ರುವರಿ 10ರ ಸುಮಾರಿಗೆ ಗುರು, 19ರ ಸುಮಾರಿಗೆ ಮಂಗಳ ಸೂರ್ಯನಿಗೆ ಎದುರಾಗಿ ಬರುತ್ತವೆ. ನಡುರಾತ್ರಿಗೆ ಎರಡೂ ನಮ್ಮ ನೆತ್ತಿಯ ಹತ್ತಿರವೇ ಇರುತ್ತವೆ, ಅಲ್ಲಿ ಗಾಳಿಯ ಅಡ್ಡಿ ಎಲ್ಲಕ್ಕಿಂತ ಕಡಿಮೆ. ಮೇಷ್ಟ್ರುಗಳೇ, ಶಾಲೆಯ ಕಪಾಟಿನಲ್ಲಿ ದುರ್ಬೀನು ಇದ್ದರೆ ಅಷ್ಟರೊಳಗೆ ಹೊರತೆಗೆಯಿರಿ.