ನಿನ್ನ ಕನ್ನಡ ಚೆನ್ನಾಗಿದೆಯಮ್ಮಾ

ಕಳೆದ ವರ್ಷ ನಮ್ಮ ಜಿಲ್ಲೆಯದೇ ಇನ್ನೊಂದು ತಾಲ್ಲೂಕಿನಲ್ಲಿ ನಡೆದ ಕನ್ನಡ ಭಾಷಣ ಸ್ಪರ್ಧೆಗೆ ನಾನು ಹೋಗಿದ್ದೆ. ವಿಷಯ ಕೆರೆಗಳ ಸಂರಕ್ಷಣೆ. ಐದು ನಿಮಿಷ ಮಾತನಾಡಿ ಇಳಿದು ಬಂದೆ. ತೀರ್ಪುಗಾರರಲ್ಲಿ ಒಬ್ಬರು ಹಿರಿಯರು ಪ್ರೀತಿಯಿಂದ ಕರೆದು, "ನಿನ್ನ ಕನ್ನಡ ಬಹಳ ಚೆನ್ನಾಗಿದೆಯಮ್ಮಾ, ಎಲ್ಲಿ ಕಲಿತೆ?" ಎಂದು ಕೇಳಿದರು. "ರಾಮನಗರದಲ್ಲಿ ಸಾರ್" ಎಂದೆ. ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ನನಗಿಂತ ಮೊದಲು ಮಾತನಾಡಿದ ಮಾಗಡಿಯ ಹುಡುಗನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ಅವನನ್ನು ಮಾತ್ರ ಎಲ್ಲಿ ಕಲಿತೆ ಎಂದು ಯಾರೂ ಕೇಳಲಿಲ್ಲ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೊಗಳಿದ್ದೇ ಹೌದು. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಪ್ರಶ್ನೆ ತಲೆಯಲ್ಲೇ ಕುಳಿತಿತ್ತು. ಅದಕ್ಕೆ ಉತ್ತರದ ಒಂದು ತುದಿ ಸಿಕ್ಕಿದ್ದು ಕೆನಡಾದಿಂದ ಬಂದ ನನ್ನ ದೊಡ್ಡ ಖಾಲಾ ಅವರ ಮಗನ ಮಾತಿನಲ್ಲಿ. ನಾವು ಅವರನ್ನು ಭಾಯಿಜಾನ್ ಎನ್ನುತ್ತೇವೆ.

ಭಾಯಿಜಾನ್ ಮೊದಲು ಇದ್ದದ್ದು ಟೊರಾಂಟೊದಲ್ಲಿ. ಕೆಲಸದ ಮೇಲೆ ಮಾಂಟ್ರಿಯಲ್‌ಗೆ ಹೋಗಬೇಕಾಗಿ ಬಂದಾಗ ಜೊತೆಯವರೆಲ್ಲ ಎಚ್ಚರಿಸಿದರಂತೆ: ಅಲ್ಲಿಯವರಿಗೆ ಜಂಬ, ಇಂಗ್ಲಿಷಿನಲ್ಲಿ ಕೇಳಿದರೆ ಅರ್ಥವಾದರೂ ಉತ್ತರ ಕೊಡುವುದಿಲ್ಲ, ಅವರಿಗೆ ದೇಶ ಒಡೆಯುವುದೇ ಕೆಲಸ. ಇವರು ಹೆದರಿಕೊಂಡೇ ಹೋದರು. ಮೊದಲ ದಿನ ಬ್ರೆಡ್ಡಿನ ಅಂಗಡಿಗೆ ಕಾಲಿಟ್ಟರೆ ಅಲ್ಲಿನ ಹುಡುಗಿ "ಬಾಂಜೂರ್, ಹಾಯ್" ಎಂದಳು. ಒಂದೇ ಉಸಿರಿಗೆ ಎರಡು ಭಾಷೆ, ನಿನಗೆ ಯಾವುದು ಬೇಕೋ ಆರಿಸಿಕೋ ಎನ್ನುವ ಹಾಗೆ. ಆ ನಗರದಲ್ಲಿ ಇದು ಎಷ್ಟು ರೂಢಿ ಎಂದರೆ, 2017ರಲ್ಲಿ ಕ್ವಿಬೆಕ್ ಪ್ರಾಂತ್ಯದ ಶಾಸನಸಭೆ ಅಂಗಡಿಯವರು ಬರೀ "ಬಾಂಜೂರ್" ಎನ್ನಲಿ ಎಂದು ಗೊತ್ತುವಳಿಯನ್ನೇ ಪಾಸು ಮಾಡಿತು.

ಕ್ವಿಬೆಕ್ ಬಗ್ಗೆ ಸ್ವಲ್ಪ ಹೇಳಬೇಕು. ಕೆನಡಾ ಬಹುಮಟ್ಟಿಗೆ ಇಂಗ್ಲಿಷ್ ಮಾತಾಡುವ ದೇಶ. ಅದರೊಳಗೆ ಸುಮಾರು 90 ಲಕ್ಷ ಜನರ ಈ ಪ್ರಾಂತ್ಯದಲ್ಲಿ ಮುಕ್ಕಾಲು ಪಾಲು ಜನರ ಮನೆಮಾತು ಫ್ರೆಂಚ್. 1608ರಲ್ಲಿ ಫ್ರೆಂಚರು ಅಲ್ಲಿ ಕ್ವಿಬೆಕ್ ನಗರ ಕಟ್ಟಿದರು, 1763ರಲ್ಲಿ ಆ ಪ್ರದೇಶ ಬ್ರಿಟಿಷರ ಕೈಗೆ ಹೋಯಿತು, ಆದರೆ ಜನ ಅಲ್ಲೇ ಉಳಿದರು, ಮಾತೂ ಉಳಿಯಿತು. ವಾಣಿಜ್ಯ ವಿದ್ಯಾರ್ಥಿನಿಯಾದ ನನ್ನ ಕಿವಿ ನಿಮಿರಿದ್ದು ಮುಂದಿನ ಸಂಗತಿಗೆ. 1960ರ ದಶಕದಲ್ಲಿ ಕೆನಡಾ ಸರ್ಕಾರ ನೇಮಿಸಿದ ದ್ವಿಭಾಷಾ ಆಯೋಗ ಕ್ವಿಬೆಕ್‌ನಲ್ಲಿ ಯಾರ ಆದಾಯ ಎಷ್ಟು ಎಂದು ಲೆಕ್ಕ ಹಾಕಿದಾಗ, ಆ ಪ್ರಾಂತ್ಯದಲ್ಲಿ ಬಹುಸಂಖ್ಯಾತರಾಗಿದ್ದ ಫ್ರೆಂಚ್ ಮೂಲದವರೇ ಪಟ್ಟಿಯ ಬಹುತೇಕ ಕೊನೆಯಲ್ಲಿದ್ದರು. ಕಾರ್ಖಾನೆಯ ಕೆಳಗಿನ ಮಹಡಿಯಲ್ಲಿ ಫ್ರೆಂಚ್, ಮೇಲಿನ ಮಹಡಿಯಲ್ಲಿ ಇಂಗ್ಲಿಷ್. 1977ರ ಫ್ರೆಂಚ್ ಭಾಷಾ ಕಾನೂನು ಹುಟ್ಟಿದ್ದು ಇಂಥ ಹಿನ್ನೆಲೆಯಲ್ಲಿ. 1995ರಲ್ಲಿ ಪ್ರತ್ಯೇಕವಾಗಬೇಕೇ ಎಂದು ಜನಮತ ಕೇಳಿದಾಗ ಬೇಡ ಎಂದವರು ಶೇ. 50.58, ಬೇಕು ಎಂದವರು ಶೇ. 49.42. ಟೊರಾಂಟೊದವರಿಗೆ ಈ ಕೊನೆಯ ಅಂಕಿ ನೆನಪಿದೆ, ಆದಾಯದ ಪಟ್ಟಿ ನೆನಪಿಲ್ಲ. ಹೊರಗಿನವರಿಗೆ ಜಗಳ ಕಾಣುತ್ತದೆ, ಜಗಳದ ಹಿಂದಿನ ಲೆಕ್ಕದ ಪುಸ್ತಕ ಕಾಣುವುದಿಲ್ಲ.

ಭಾಯಿಜಾನ್ ಹಟ ಹಿಡಿದು ಎರಡು ವರ್ಷದಲ್ಲಿ ಫ್ರೆಂಚ್ ಕಲಿತರು. ಒಂದು ದಿನ ಪ್ಯಾರಿಸ್ಸಿನಿಂದ ಬಂದ ಒಬ್ಬರ ಮುಂದೆ ಮಾತಾಡಿದಾಗ ಆತ ನಕ್ಕುಬಿಟ್ಟರಂತೆ. ಇವರಿಗೆ ಬಂದಿದ್ದು ಕ್ವಿಬೆಕ್ ಧಾಟಿಯ ಫ್ರೆಂಚ್. ಪ್ಯಾರಿಸ್ಸಿನವರ ಕಿವಿಗೆ ಅದು ಹಳ್ಳಿಯ ಮಾತು. ಕ್ವಿಬೆಕ್ ಸಿನಿಮಾಗಳನ್ನು ಫ್ರಾನ್ಸ್‌ನಲ್ಲಿ ತೋರಿಸುವಾಗ ಕೆಲವೊಮ್ಮೆ ಕೆಳಗೆ ಫ್ರೆಂಚಿನಲ್ಲೇ ಅಕ್ಷರ ಹಾಕುತ್ತಾರೆ. ಹಾಗೆ ನೋಡಿದರೆ ಕ್ವಿಬೆಕ್‌ನ ಕೆಲವು ಉಚ್ಚಾರಣೆಗಳು ಹದಿನೇಳನೆಯ ಶತಮಾನದ ಫ್ರಾನ್ಸಿನವೇ. ಬದಲಾದದ್ದು ಪ್ಯಾರಿಸ್.

ಪಕ್ಕದವರಿಗೆ ಪರಕೀಯ, ಮೂಲದವರಿಗೆ ಒರಟು. ಇದನ್ನು ಕೇಳಿದ ಅಮ್ಮಿ ಅಡುಗೆಮನೆಯಿಂದಲೇ, "ಹಮಾರಾಚ್ ಕಿಸ್ಸಾ ಹೈ" ಎಂದರು. ನಮ್ಮದೇ ಕತೆ ಅಂತ.

ರಾಮನಗರ, ಚನ್ನಪಟ್ಟಣದ ಮೊಹಲ್ಲಾಗಳಲ್ಲಿ ನಾವು ಆಡುವ ಮಾತನ್ನು ಅರ್ಜಿಯಲ್ಲಿ ಉರ್ದು ಎಂದು ಬರೆಯುತ್ತೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಶೇ. 10ಕ್ಕಿಂತ ಹೆಚ್ಚು ಜನ ಹಾಗೆ ಬರೆಸಿದ್ದಾರೆ. ಕನ್ನಡದ ನಂತರ ರಾಜ್ಯದಲ್ಲಿ ಎರಡನೆಯ ಸ್ಥಾನ ಅದಕ್ಕೆ. ಆದರೆ ಬಾಯಲ್ಲಿರುವುದು ದಖನಿ. ಉರ್ದುವನ್ನು ಭಾಷೆಯಾಗಿ ತೆಗೆದುಕೊಂಡಿರುವ ನನ್ನ ಗೆಳತಿ ಪರೀಕ್ಷೆಯಲ್ಲಿ "ಮುಝೆ ನಹೀಂ ಚಾಹಿಯೆ" ಎಂದು ಬರೆದು, ಮನೆಗೆ ಹೋಗಿ "ಮೇರೆಕು ನಕ್ಕೊ" ಎನ್ನುತ್ತಾಳೆ. ಮನೆಯ ಮಾತನ್ನೇ ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋಗುತ್ತದೆ. ದೆಹಲಿ, ಲಕ್ನೋ ಕಡೆಯವರಿಗೆ ನಾವು ಬಾಯಿ ತೆರೆದರೆ ಸಾಕು, ತಮಾಷೆ. ಹಿಂದಿ ಸಿನಿಮಾದಲ್ಲೂ ದಖನಿ ಮಾತಾಡುವವನು ಹೆಚ್ಚಾಗಿ ನಗಿಸಲು ಬಂದವನೇ.

(ಸಿನಿಮಾ ಎಂದಾಗ ನೆನಪಾಯಿತು. ಉತ್ತರದವರಿಗೆ ನಮ್ಮೂರು ಗೊತ್ತಿರುವುದು 1975ರ 'ಶೋಲೆ'ಯಿಂದ. ನಮ್ಮ ಬೆಟ್ಟಗಳ ನಡುವೆ ಕಟ್ಟಿದ ಆ ರಾಮ್‌ಗಢದಲ್ಲಿ ಎಲ್ಲರೂ ಹಿಂದಿ ಮಾತಾಡುತ್ತಾರೆ. ಕನ್ನಡ ಬರುವವರು ಒಬ್ಬರೂ ಇಲ್ಲ, ದಖನಿಯೂ ಇಲ್ಲ!)

ಇನ್ನೊಂದು ಕಡೆ, ಕನ್ನಡ ಮನೆಮಾತಿನ ಅನೇಕರು ನಮ್ಮ ಮಾತು ಉತ್ತರದಿಂದ ಬಂದದ್ದು, ನಾವೂ ಅದರ ಹಿಂದೆ ಬಂದವರು ಎಂದುಕೊಂಡಿದ್ದಾರೆ. ಅರ್ಧ ನಿಜ. ದಖನಿಯ ಬೇರು ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿ ಕಡೆಯಿಂದ ದಖ್ಖನ್ನಿಗೆ ಬಂದವರ ಮಾತಿನಲ್ಲಿದೆ. ಆದರೆ ಅದು ಬೆಳೆದದ್ದು ಇಲ್ಲಿ. 1347ರಲ್ಲಿ ಬಹಮನಿ ರಾಜ್ಯ ಶುರುವಾದ ಮೇಲೆ ಅದರ ರಾಜಧಾನಿ ಕಲಬುರಗಿ, ಆಮೇಲೆ ಬೀದರ್. ದಖನಿಯ ಅತಿ ಹಳೆಯ ಕಥನಕಾವ್ಯ ಎನ್ನುವ 'ಕದಮ್ ರಾವ್ ಪದಮ್ ರಾವ್' ಹದಿನೈದನೆಯ ಶತಮಾನದ ಬಹಮನಿ ಆಸ್ಥಾನದ್ದು. ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಷಾ ತನ್ನ 'ಕಿತಾಬ್-ಎ-ನೌರಸ್' ಅನ್ನು ಬರೆದದ್ದು ದಖನಿಯಲ್ಲಿ. ದೆಹಲಿಯ ಕವಿಗಳು ಆ ಕಾಲದಲ್ಲಿ ಹೆಚ್ಚಾಗಿ ಪಾರ್ಸಿಯಲ್ಲೇ ಬರೆಯುತ್ತಿದ್ದರು. ಹಾಗಾದರೆ ಯಾರದ್ದು ಒರಟು, ಯಾರದ್ದು ಹಳೆಯದು?

ನಮ್ಮ ಸೀಮೆಗೂ ಆ ಬಿಜಾಪುರಕ್ಕೂ ನೇರ ನಂಟಿದೆ. 1638ರಲ್ಲಿ ರಣದುಲ್ಲಾ ಖಾನ್ ಬಿಜಾಪುರದ ಸೈನ್ಯ ತಂದು ಬೆಂಗಳೂರು ಗೆದ್ದ ಮೇಲೆಯೇ ಕೆಂಪೇಗೌಡರ ವಂಶದವರು ಮಾಗಡಿಯನ್ನು ನೆಲೆ ಮಾಡಿಕೊಂಡದ್ದು. ನಂತರ ಹೈದರ್, ಟಿಪ್ಪು ಕಾಲ. ನಾಲ್ಕುನೂರು ವರ್ಷದ ಹತ್ತಿರ ಒಂದೇ ಸಂತೆಯಲ್ಲಿ ಓಡಾಡಿದ ಎರಡು ಭಾಷೆಗಳು ಒಂದಕ್ಕೊಂದು ಅಂಟದೆ ಇರುತ್ತವೆಯೇ?

ಅಂಟಿದ್ದು ಹೇಗೆ ಎನ್ನುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಬರೀ ಪದಗಳಾದರೆ ದೊಡ್ಡದೇನಲ್ಲ, ಅಂಟಿದ್ದು ವಾಕ್ಯದ ಎಲುಬಿಗೇ. "ನಾಳೆ ಬರ್ತೀನಿ ಅಂತ ಅಂದ" ಎನ್ನುವುದನ್ನು ಲಕ್ನೋದವರು "ಉಸ್‌ನೆ ಕಹಾ ಕಿ ಮೈಂ ಕಲ್ ಆವೂಂಗಾ" ಎನ್ನುತ್ತಾರೆ; 'ಅಂದ' ಮೊದಲು, ಹೇಳಿದ ಮಾತು ಆಮೇಲೆ. ನಾವು ಹೇಳುವುದು "ಕಲ್ ಆತೂಂ ಬೋಲ್ಕೆ ಬೋಲ್ಯಾ". ಪದಗಳನ್ನು ಒಂದೊಂದಾಗಿ ಜೋಡಿಸಿ ನೋಡಿ: ಕಲ್ ಅಂದರೆ ನಾಳೆ, ಆತೂಂ ಅಂದರೆ ಬರ್ತೀನಿ, ಬೋಲ್ಕೆ ಅಂದರೆ ಅಂತ, ಬೋಲ್ಯಾ ಅಂದರೆ ಅಂದ. ಕನ್ನಡದ ವಾಕ್ಯಕ್ಕೆ ಬೇರೆ ಬಟ್ಟೆ ತೊಡಿಸಿದ ಹಾಗೆ. "ನಿನ್ನೆ ಬಂದ ಮನುಷ್ಯ" ಎನ್ನಲು ಅವರಿಗೆ "ಜೋ ಆದ್ಮಿ ಕಲ್ ಆಯಾ ಥಾ" ಎಂದು ಸುತ್ತಬೇಕು, ನಮಗೆ "ಕಲ್ ಆಯಾಸೊ ಆದ್ಮಿ" ಸಾಕು. (ನಿನ್ನೆಗೂ ನಾಳೆಗೂ ಒಂದೇ 'ಕಲ್' ಇಟ್ಟುಕೊಂಡಿರುವುದು ಮಾತ್ರ ನಮ್ಮ ದಡ್ಡತನ. ಅದರಲ್ಲಿ ಕನ್ನಡವನ್ನು ಅನುಸರಿಸಬಹುದಿತ್ತು.)

ಇನ್ನೊಂದು ಸಣ್ಣ ಗುರುತು ಹೇಳುತ್ತೇನೆ. ಉತ್ತರದವರು ನೀರಿಗೆ "ಪಾನಿ-ವಾನಿ" ಎನ್ನುತ್ತಾರೆ. ನಮ್ಮ ಮನೆಗೆ ಯಾರಾದರೂ ಬಂದರೆ ಅಮ್ಮಿ ಕೇಳುವುದು "ಪಾನಿ-ಗೀನಿ". ಈ 'ಗೀ' ಎಲ್ಲಿಯದು? ನೀರು-ಗೀರು, ಊಟ-ಗೀಟ, ಕಾಫಿ-ಗೀಫಿ ಎನ್ನುವ ನಿಮ್ಮ ಅಜ್ಜಿಯನ್ನು ಕೇಳಿ. ನಮ್ಮ ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಅವರ ಉರ್ದುವಿನೊಳಗೆ ಇಷ್ಟು ಕನ್ನಡ ಇದೆ ಎಂದು ಹೇಳಿದಾಗ ನಂಬಲೇ ಇಲ್ಲ, ನಾಲ್ಕು ಸಲ ಹೇಳಿಸಿ ನೋಡಿದರು.

ಸಾಲ ಎರಡೂ ಕಡೆ ಇದೆ. ನಮ್ಮ ಲೆಕ್ಕಶಾಸ್ತ್ರದ ತರಗತಿಯನ್ನೇ ತೆಗೆದುಕೊಳ್ಳಿ. ನಗದು, ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಇವೆಲ್ಲ ಅರಬ್ಬಿ, ಪಾರ್ಸಿಯಿಂದ ಬಂದು ಕನ್ನಡವೇ ಆದವು. ಈ ಪದಗಳನ್ನು ಯಾರೂ ನಿಲ್ಲಿಸಿ, ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ. ಚನ್ನಪಟ್ಟಣದ ಗೊಂಬೆಗೂ ಹಾಗೆಯೇ. ಹಾಲೆ ಮರದ ಆ ಅರಗಿನ ಗೊಂಬೆ ಕರ್ನಾಟಕದ ಹೆಮ್ಮೆ, ಬಂದ ಅತಿಥಿಗಳ ಕೈಗೆ ಕೊಡುವ ಉಡುಗೊರೆ. ಅದನ್ನು ಕಡೆಯುವ ಎಷ್ಟೋ ಮನೆಗಳ ಮಾತು ಮಾತ್ರ ಹೊರಗಿನದು ಎನ್ನುವವರಿದ್ದಾರೆ. ರೇಷ್ಮೆ ಸೀರೆ ಕನ್ನಡದ ಸಂಸ್ಕೃತಿ, ನೂಲು ಬಿಚ್ಚುವವನು ಬೇರೆ. ಇದು ನನಗೆ ಅರ್ಥವಾಗದ ಲೆಕ್ಕ.

ಕ್ವಿಬೆಕ್‌ನ ಜೊತೆ ನಮ್ಮನ್ನು ಇಟ್ಟು ನೋಡಿದ್ದು ಎಲ್ಲ ಕಡೆ ಸರಿಹೋಗುವುದಿಲ್ಲ ಎಂಬುದೂ ಗೊತ್ತು. ಅವರಿಗೆ ಒಂದು ಪ್ರಾಂತ್ಯವಿದೆ, ಶಾಸನಸಭೆಯಿದೆ. ನಮಗೆ ಇರುವುದು ನಾಲ್ಕಾರು ಬೀದಿ. ಕ್ವಿಬೆಕ್ ನನಗೆ ಪೂರ್ತಿ ಮೆಚ್ಚಿಗೆಯ ಜಾಗವೂ ಅಲ್ಲ. 2019ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವ ಶಿಕ್ಷಕಿ ತಲೆಗೆ ಹಿಜಾಬ್ ಹಾಕಿಕೊಂಡು ಪಾಠ ಮಾಡುವಂತಿಲ್ಲ. ಇಂಗ್ಲಿಷಿನವರ ನೋಟದಿಂದ ಅಷ್ಟು ನೊಂದವರು ತಮ್ಮೊಳಗಿನ ಸಣ್ಣ ಗುಂಪನ್ನು ನೋಡುವಾಗ ತಾವೇ ಹೊರಗಿನವರ ಹಾಗೆ ನೋಡಿದರು ಎಂದು ನನಗನಿಸುತ್ತದೆ. ನಿಜ ಹೇಳಬೇಕೆಂದರೆ ಭಾರತದಲ್ಲಿ ಕ್ವಿಬೆಕ್‌ಗೆ ಹೆಚ್ಚು ಹತ್ತಿರ ಇರುವುದು ಕನ್ನಡವೇ. ಅಂಗಡಿ ಬೋರ್ಡಿನಲ್ಲಿ ಫ್ರೆಂಚ್ ಎದ್ದು ಕಾಣಬೇಕು ಎಂದು ಅಲ್ಲಿ ನಿಯಮ, ಶೇ. 60 ಭಾಗ ಕನ್ನಡ ಇರಬೇಕು ಎಂದು 2024ರಲ್ಲಿ ಇಲ್ಲಿ ಕಾನೂನಾಯಿತು. ಆ ಸಮಯದಲ್ಲಿ ದೆಹಲಿಯಿಂದ ಬಂದಿದ್ದ ನಮ್ಮ ದೂರದ ನೆಂಟರೊಬ್ಬರು, "ತುಮ್ ಕನ್ನಡಾವಾಲೋಂ ಕೊ ಇಷ್ಟೊಂದು ಹಟ ಯಾಕೆ?" ಎಂಬ ಅರ್ಥದಲ್ಲಿ ಅಬ್ಬಾನನ್ನು ಕೇಳಿದರು. ಅಬ್ಬಾ ಅರ್ಧ ಗಂಟೆ ಬೋರ್ಡಿನ ಪರವಾಗಿ ವಾದಿಸಿದರು. ನಮ್ಮನ್ನು ಯಾರಾದರೂ ಅನುಮಾನವಿಲ್ಲದೆ ಕನ್ನಡದವರು ಎಂದು ಕರೆದದ್ದನ್ನು ನಾನು ಮೊದಲು ಕೇಳಿದ್ದು ಅವತ್ತು, ಅದೂ ಬೈಗುಳವಾಗಿ.

ನಮ್ಮ ಕಡೆಯ ತಪ್ಪನ್ನೂ ಬರೆಯಬೇಕು. ಕನ್ನಡ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವವರು, ಹೆಣ್ಣುಮಕ್ಕಳಿಗೆ ಕನ್ನಡ ಏಕೆ ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಅಂಥವರಿಗೆ ನಾನು ಬಾನು ಮುಷ್ತಾಕ್ ಅವರ ಕತೆ ಹೇಳುತ್ತೇನೆ. ಎಂಟು ವರ್ಷದ ಉರ್ದು ಮನೆಯ ಹುಡುಗಿಯನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಓದು ಬರಹ ಕಲಿಯಬೇಕು ಎಂಬ ಷರತ್ತಿತ್ತು. 2025ರಲ್ಲಿ ಕನ್ನಡಕ್ಕೆ ಮೊದಲ ಅಂತರರಾಷ್ಟ್ರೀಯ ಬೂಕರ್ ತಂದವರು ಅವರೇ.

ರಜೆಯಲ್ಲಿ ನಾನು ಅಬ್ಬಾನ ಜೊತೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತೇನೆ. ಹರಾಜು ಈಗ ಮೊಬೈಲ್‌ನಲ್ಲಿ, ಆದರೂ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಯಾರೂ ಬೆಲೆ ಹಾಕುವುದಿಲ್ಲ. ಕನಕಪುರ ಕಡೆಯ ಒಬ್ಬ ರೈತರು ಅಬ್ಬಾನಿಗೆ ಹಳೆಯ ಪರಿಚಯ. ಅವರು ಅಬ್ಬಾನನ್ನು ಕಂಡ ಕೂಡಲೇ "ಕ್ಯಾ ಸಾಬ್, ಮಾಲ್ ದೇಖೋ, ಅಚ್ಛಾ ಐತೆ" ಎನ್ನುತ್ತಾರೆ. ಅಬ್ಬಾ ಒಂದು ಗೂಡು ಅಮುಕಿ ನೋಡಿ, "ಗೌಡ್ರೇ, ತೆಳ್ಳಗಿದೆ, ನೂಲು ಬರಲ್ಲ" ಎನ್ನುತ್ತಾರೆ. ಒಬ್ಬರದು ತಪ್ಪು ಉರ್ದು, ಇನ್ನೊಬ್ಬರದು ರಾಗದ ಕನ್ನಡ, ಜಗಳ ಬೆಲೆಯ ಮೇಲೆ ಮಾತ್ರ. ಉರ್ದು ಎಲ್ಲಿ ಕಲಿತಿರಿ ಎಂದು ಅಬ್ಬಾ ಅವರನ್ನು ಇದುವರೆಗೂ ಕೇಳಿಲ್ಲ.