ಹೆಸರು ಮತ್ತು ತಯಾರಿಕೆ: ಹಿಂದ್ ಹಾಗೂ ಸೆನ್-ರಾಲಿ ಸೈಕಲ್ಲುಗಳು

ವಸ್ತುವಿನ ಮೇಲೆ ಅಚ್ಚಾದ ಹೆಸರನ್ನು ನೋಡಿ ಅದು ಯಾವ ನಾಡಿನದೆಂದು ನಿರ್ಣಯಿಸಬಹುದೆ? ಮುಂಬಯಿಯ ‘ಹಿಂದ್’ ಮತ್ತು ಆಸನ್‌ಸೋಲಿನ ‘ರಾಲಿ’ ಎಂಬೆರಡು ಹಳೆಯ ಸೈಕಲ್ಲುಗಳ ಚರಿತ್ರೆಯನ್ನು ಜೊತೆಗಿರಿಸಿ ನೋಡಿದರೆ ಈ ಪ್ರಶ್ನೆಯ ಸ್ವರೂಪವು ವಾಚಕರಿಗೆ ಸ್ಪಷ್ಟವಾದೀತು.

ರಾಲಿಯ ಮೂಲ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರ. ಅಲ್ಲಿಯ ರಾಲಿ ಬೀದಿಯ ಸಣ್ಣ ಕಾರ್ಯಾಗಾರವೊಂದರಲ್ಲಿ ವಾರಕ್ಕೆ ಮೂರು ಸೈಕಲ್ಲುಗಳು ಸಿದ್ಧವಾಗುತ್ತಿದ್ದವು. 1887ರಲ್ಲಿ ಫ್ರಾಂಕ್ ಬೌಡೆನ್ ಅದನ್ನು ಕೊಂಡು ಬೆಳೆಸಿದ ಮೇಲೆ ಬೀದಿಯ ಹೆಸರೇ ಸೈಕಲ್ಲಿನ ಹೆಸರಾಗಿ ಖಂಡಾಂತರಗಳಿಗೆ ಹಬ್ಬಿತು. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಾಡಿದ ‘ರೋಡ್‌ಸ್ಟರ್’ ಮಾದರಿಯು, ಅಂದರೆ 28 ಅಂಗುಲದ ಗಾಲಿ, ಸರಳಿನಿಂದ ಎಳೆಯುವ ಬ್ರೇಕು, ನೇರವಾಗಿ ಕುಳಿತು ತುಳಿಯುವ ಏರ್ಪಾಡು ಉಳ್ಳ ಸೈಕಲ್ಲು, ಇಂತಹ ಬ್ರಿಟಿಷ್ ಕಾರ್ಖಾನೆಗಳ ಕೊಡುಗೆ.

ಸೈಕಲ್ಲಿನ ತಯಾರಿಕೆಯಲ್ಲಿ ಎರಡು ಬಗೆಗಳುಂಟು. ಬಿಡಿಭಾಗಗಳನ್ನು ತರಿಸಿ ಜೋಡಿಸುವುದು ಒಂದು ಬಗೆ. ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಮೂಲೆಗಳಲ್ಲಿ ‘ಲಗ್’ ಎಂಬ ತೋಳುಗಳೊಳಗೆ ಸೇರಿಸಿ, ಹಿತ್ತಾಳೆಯನ್ನು ಕರಗಿಸಿ ಬೆಸೆದು ಫ್ರೇಮು ಮಾಡುವುದು, ಹಬ್ಬು ಪೆಡಲುಗಳನ್ನೂ ತಾನೇ ಸಿದ್ಧಗೊಳಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಅಂಗಡಿಯಿದ್ದರೆ ಸಾಕು; ಎರಡನೆಯದಕ್ಕೆ ಯಂತ್ರಗಳೂ ನುರಿತ ಕೈಗಳೂ ಬೇಕು.

ಈ ಎರಡನೆಯ ಸಾಹಸಕ್ಕೆ ಭಾರತದಲ್ಲಿ ಮೊದಲು ಕೈಹಾಕಿದವುಗಳಲ್ಲಿ ವರಳಿಯ ಹಿಂದ್ ಸೈಕಲ್ಸ್ ಒಂದು. 1930ರ ದಶಕದ ಕೊನೆಯಲ್ಲಿ ಅದು ಹುಟ್ಟಿತು. ಅದುವರೆಗೆ ಇಲ್ಲಿಯ ಪೇಟೆಯನ್ನು ಆಳುತ್ತಿದ್ದುದು ವಿಲಾಯಿತಿ ಸೈಕಲ್ಲುಗಳೇ. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳು ಬಂದಾಗ ಪರದೇಶದ ಕಂಪನಿಗಳು ಇಲ್ಲಿಯೇ ಕಾರ್ಖಾನೆ ತೆರೆಯಲು ಮನಸ್ಸು ಮಾಡಿದವು. ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ‘ಹರ್ಕ್ಯುಲಿಸ್’ ಅನ್ನು ತಯಾರಿಸಿತು. ಸುಧೀರ್ ಕುಮಾರ್ ಸೇನರು ರಾಲಿಯವರೊಡನೆ ಕೂಡಿ ಕಟ್ಟಿದ ಸೆನ್-ರಾಲಿ ಸಂಸ್ಥೆಯು 1950ರ ದಶಕದ ಆರಂಭದಲ್ಲಿ ಆಸನ್‌ಸೋಲಿನಲ್ಲಿ ಕೆಲಸಕ್ಕೆ ತೊಡಗಿತು. ಹೀಗೆ ಹೆಸರು ಇಂಗ್ಲೆಂಡಿನದು, ದುಡಿಮೆ ಬಂಗಾಳದ್ದು ಎಂಬ ಹೊಸ ಸ್ಥಿತಿ ಒದಗಿತು.

ಇಷ್ಟರಲ್ಲಿ ಪಂಜಾಬಿನ ಲೂಧಿಯಾನದಲ್ಲಿ ಮೂರನೆಯ ದಾರಿಯೊಂದು ಮೂಡಿತ್ತು. ಅಲ್ಲಿ ಒಬ್ಬೊಬ್ಬ ಕಸುಬುದಾರನು ಒಂದೊಂದೇ ಬಿಡಿಭಾಗವನ್ನು ಮಾಡುತ್ತಿದ್ದನು. ಬಿಡಿಭಾಗಗಳ ವ್ಯಾಪಾರದಿಂದ ಆರಂಭಿಸಿದ ಹೀರೋ ಸಂಸ್ಥೆಯು 1956ರಲ್ಲಿ ಪೂರ್ಣ ಸೈಕಲ್ಲಿನ ತಯಾರಿಕೆಗೆ ಇಳಿಯಿತು. ಎಲ್ಲವನ್ನೂ ಒಂದೇ ಸೂರಿನಡಿ ಮಾಡುವ ದೊಡ್ಡ ಕಾರ್ಖಾನೆಗೆ ಈ ಅಗ್ಗದ ಪದ್ಧತಿಯೊಡನೆ ಸ್ಪರ್ಧಿಸುವುದು ಸುಲಭವಾಗಿರಲಿಲ್ಲ. ಹಿಂದ್ ಮತ್ತು ಸೆನ್-ರಾಲಿಗಳೆರಡೂ ನಷ್ಟಕ್ಕೆ ಸಿಲುಕಿದವು. 1980ರ ಒಂದೇ ಶಾಸನದಿಂದ ಇವೆರಡೂ ರಾಷ್ಟ್ರೀಕರಣಗೊಂಡು, ಮುಂಬಯಿಯದು ನ್ಯಾಷನಲ್ ಬೈಸಿಕಲ್ ಕಾರ್ಪೊರೇಷನ್ ಎಂದೂ ಆಸನ್‌ಸೋಲಿನದು ಸೈಕಲ್ ಕಾರ್ಪೊರೇಷನ್ ಎಂದೂ ಹೊಸ ನಾಮ ಪಡೆದವು. ಸರಕಾರವು ಕಾಪಾಡಲೆಣಿಸಿದುದು ಮುಖ್ಯವಾಗಿ ಕಾರ್ಮಿಕರ ಜೀವನೋಪಾಯವನ್ನು. ಆದರೆ ಒಡೆತನ ಬದಲಾದರೂ ಉತ್ಪಾದನೆಯ ವೆಚ್ಚ ಇಳಿಯಲಿಲ್ಲ; ಕಾಲಕ್ರಮದಲ್ಲಿ ಎರಡೂ ಮುಚ್ಚಿದವು.

ಠಾಕುರ್ಲಿ, ಡೊಂಬಿವಲಿಗಳಿಂದ ದಾದರಿಗೆ ಬಂದಿಳಿದು ವರಳಿಯತ್ತ ಹೋಗುವ ನಮ್ಮವರು ಅಲ್ಲಿ ‘ಹಿಂದ್ ಸೈಕಲ್ ಮಾರ್ಗ’ವೆಂಬ ರಸ್ತೆಯನ್ನು ಇಂದಿಗೂ ಕಾಣಬಹುದು. ಕಾರ್ಖಾನೆ ಹೋಗಿ ಹೆಸರು ನಿಂತಿದೆ. ಇಂಗ್ಲಿಷ್ ಹೆಸರು ಹೊತ್ತ ರಾಲಿಯನ್ನು ಆಸನ್‌ಸೋಲಿನ ಕೈಗಳು ಸ್ವದೇಶಿಯಾಗಿಸಿದವು. ಸ್ವದೇಶಿ ಹೆಸರೊಂದೇ ವರಳಿಯ ಕಾರ್ಖಾನೆಯನ್ನು ಉಳಿಸಲಾರದೆ ಹೋಯಿತು. ಆದುದರಿಂದ ವಸ್ತುವಿನ ನಾಡು ಯಾವುದೆಂದು ಕೇಳುವಾಗ, ಅದನ್ನು ಬೆಸೆದವರು ಎಲ್ಲಿಯವರು, ಆ ವಿದ್ಯೆ ಈಗ ಯಾರಲ್ಲಿ ಉಳಿದಿದೆ ಎಂಬುದನ್ನೇ ಮೊದಲು ಕೇಳುವುದು ಯುಕ್ತ.