ಮಾವನವರ ನಡುಗುವ ಕೈ ಮತ್ತು ಮೆದುಳಿನ ಬ್ಯಾಂಕು

ಹುಲಿಯೂರುದುರ್ಗದ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕಾಫಿ ಮಾವನವರಿಗೆ. ಜಗಲಿಯಲ್ಲಿ ಕೂತು ದುರ್ಗದ ಬೆಟ್ಟ ನೋಡುತ್ತಾ ಕುಡಿಯುವುದು ಅವರ ಪದ್ಧತಿ. ಒಂದು ವರ್ಷ, ಸುಮ್ಮನೆ ತೊಡೆಯ ಮೇಲಿಟ್ಟ ಅವರ ಬಲಗೈ ತಾನೇ ತಾನಾಗಿ ನಡುಗತೊಡಗಿತು. ಆಮೇಲಾಮೇಲೆ ಕಾಫಿ ಪಂಚೆಗೆ ಚೆಲ್ಲತೊಡಗಿತು. "ಸ್ವಲ್ಪ ನೋಡ್ಕೊಂಡು ಕುಡೀಬಾರ್ದೇ ಮಾವ" ಎಂದು ನಾನು ರೇಗಿದ್ದೂ ಉಂಟು. ಪಕ್ಕದ ಮನೆಯವರು, "ವಯಸ್ಸಾಯ್ತಲ್ಲಮ್ಮ, ಬಿಡಿ" ಎಂದರು. ಸಂತೆಯಿಂದ ಯಾರೋ ಮಂತ್ರಿಸಿದ ದಾರ ತಂದು ಕಟ್ಟಿದರು.

ಕೊನೆಗೆ ಬೆಂಗಳೂರಿನ ವೈದ್ಯರು ಹೇಳಿದರು: ಇದು ಪಾರ್ಕಿನ್ಸನ್ ಕಾಯಿಲೆ. ನಮ್ಮ ಹಿರಿಯರು ಕಂಪವಾತ ಎನ್ನುತ್ತಿದ್ದುದು ಇದನ್ನೇ. ಮೆದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಕೆಲವು ಜೀವಕೋಶಗಳಿವೆಯಂತೆ. ಡೋಪಮೈನ್ ಎಂಬ ರಸಾಯನಿಕವನ್ನು ಅವು ಮಾಡುತ್ತವೆ. ಅವು ಸಾಯುತ್ತಾ ಬಂದರೆ ಕೈಕಾಲು ನಮ್ಮ ಮಾತು ಕೇಳುವುದಿಲ್ಲ.

ಈ ಕೋಶಗಳ ಬಗ್ಗೆ ಓದುವಾಗ ಡಾ. ಎಸ್. ಕೆ. ಶಂಕರ್ ಅವರ ಹೆಸರು ಸಿಕ್ಕಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಹುಕಾಲ ನ್ಯೂರೋಪೆಥಾಲಜಿ ಪ್ರಾಧ್ಯಾಪಕರಾಗಿದ್ದವರು. ಇವರು ನಾಡಿ ಹಿಡಿದು ಮದ್ದು ಕೊಡುವ ವೈದ್ಯರಾಗಿರಲಿಲ್ಲ. ಮೆದುಳಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಾಯಿಲೆಯ ಗುರುತು ಹುಡುಕುತ್ತಿದ್ದವರು. 1995ರಲ್ಲಿ ಅಲ್ಲಿ ಮೆದುಳಿನ ಬ್ಯಾಂಕು ಆರಂಭವಾದದ್ದು ಅವರ ಮುಂದಾಳತ್ವದಲ್ಲಿ. ಸತ್ತವರ ಮೆದುಳನ್ನು ಮನೆಯವರ ಒಪ್ಪಿಗೆ ಪಡೆದು, ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ ಕಾದಿಟ್ಟು ಸಂಶೋಧಕರಿಗೆ ಒದಗಿಸುತ್ತಾರೆ. ಕಣ್ಣಿನಂತೆ ಮೆದುಳನ್ನು ಇನ್ನೊಬ್ಬರಿಗೆ ಜೋಡಿಸಲು ಬರುವುದಿಲ್ಲ. ಇದು ಅಧ್ಯಯನಕ್ಕೆ ಮಾತ್ರ.

"ಪರದೇಶದಲ್ಲಿ ಮಾಡಿದ ಸಂಶೋಧನೆ ಸಾಲದೇ?" ಎಂದು ನೀವು ಕೇಳಬಹುದು. 1998ರಲ್ಲಿ ಶಂಕರ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನವೇ ಅದಕ್ಕೆ ಉತ್ತರ. ಕಾಯಿಲೆಯಿಲ್ಲದ ಭಾರತೀಯರ ಮೆದುಳುಗಳಲ್ಲಿ ಆ ಕಪ್ಪು ಕೋಶಗಳನ್ನು ಎಣಿಸಿ ನೋಡಿದಾಗ, ಬ್ರಿಟನ್ನಿನವರಿಗಿಂತ ಶೇಕಡಾ 40ರಷ್ಟು ಕಡಿಮೆ ಇದ್ದವು! ಆದರೆ ವಯಸ್ಸು ಹೆಚ್ಚಿದಂತೆ ಅವು ಕಮ್ಮಿಯಾಗುತ್ತಾ ಹೋಗಿರಲಿಲ್ಲ. ಅಂದರೆ "ವಯಸ್ಸಾಯ್ತು, ಬಿಡಿ" ಎಂದು ಕೈಬಿಡುವ ಮಾತಲ್ಲ ಇದು. ನಡುಕ ಒಂದು ಕಾಯಿಲೆ, ಅದಕ್ಕೆ ಔಷಧಿಯೂ ಇದೆ. ಮಾತ್ರೆ ವೇಳೆಗೆ ಸರಿಯಾಗಿ ಕೊಡತೊಡಗಿದ ಮೇಲೆ ಮಾವನವರು ಮತ್ತೆ ತಾವೇ ಮುದ್ದೆ ಮುರಿದು ಉಂಡರು.

ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವೂ ಇದೆ. ಒಮ್ಮೆ ನಾನು, ಯಜಮಾನರು ಹೋಗಿದ್ದೆವು. ಕೈಗವಸು ತೊಟ್ಟು ನಿಜವಾದ ಮೆದುಳನ್ನು ಅಂಗೈಯಲ್ಲಿ ಹಿಡಿದೆ. ಮನುಷ್ಯನ ಮೆದುಳು ಒಂದೂಕಾಲು ಕಿಲೋ ಮೇಲೆ ತೂಗುತ್ತದೆ. ಇದರಲ್ಲೇ ಅಲ್ಲವೇ ಒಬ್ಬರ ಸಿಟ್ಟು, ಪ್ರೀತಿ, ಮಕ್ಕಳ ಹೆಸರು ಎಲ್ಲಾ ಇದ್ದದ್ದು ಎನಿಸಿ ಕೈ ನಡುಗಿತು.

ಮನೆಗೆ ಬಂದು ಹೇಳಿದಾಗ ಮಾವನವರು, "ನನ್ನ ತಲೆಯಿಂದ ನಾಲ್ಕು ಜನಕ್ಕೆ ಉಪಯೋಗ ಆಗೋದಾದ್ರೆ ಕೊಟ್ಬಿಡಮ್ಮ" ಅಂದರು. ನಮ್ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಭಾವನವರು, "ಮುಂದಿನ ಜನ್ಮದಲ್ಲಿ ಬುದ್ಧಿಯಿಲ್ಲದೆ ಹುಟ್ಟಿದರೆ?" ಎಂದರು. ಯಜಮಾನರು ಮಾತೇ ಆಡಲಿಲ್ಲ. ನೋಡೋಣ, ನೋಡೋಣ ಎನ್ನುತ್ತಲೇ ತಿಂಗಳುಗಳು ಕಳೆದವು.

ಒಂದು ರಾತ್ರಿ ನಿದ್ದೆಯಲ್ಲೇ ಮಾವನವರು ಹೋದರು. ಮೆದುಳನ್ನು ಸತ್ತ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಯಾರಿಗೆ ಫೋನ್ ಮಾಡಬೇಕು, ಯಾರು ಸಹಿ ಹಾಕಬೇಕು ಎಂಬುದನ್ನೇ ನಾವು ತೀರ್ಮಾನಿಸಿರಲಿಲ್ಲ. ಅವರ ಕೊನೆಯ ಮಾತು ನಡೆಸಿಕೊಡಲಾಗಲಿಲ್ಲ.

ಸೋದರಿಯರೇ, ದಾನ ಮಾಡಿ ಎಂದು ನಾನು ಒತ್ತಾಯಿಸುವುದಿಲ್ಲ. ಅದು ಅವರವರ ಮನಸ್ಸು. ಆದರೆ ಹಿರಿಯರು ಬಾಯಿಬಿಟ್ಟು ಹೇಳಿದ ಮೇಲೆ, ಅವರು ಇರುವಾಗಲೇ ಮನೆಮಂದಿಯೆಲ್ಲಾ ಕೂತು ಮಾತಾಡಿ ಮುಗಿಸಿ. ಮತ್ತೊಂದು ಮಾತು: ಕೈ ನಡುಗಿ ಕಾಫಿ ಚೆಲ್ಲಿದರೆ ರೇಗಬೇಡಿ. ಲೋಟ ಅರ್ಧ ತುಂಬಿಸಿ ಕೊಡಿ, ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.